ನೆಲಕ್ಕೆ ಬಿದ್ದ ತಂತಿ, ಕಾಣದ ಕರೆಂಟು

2023ರ ನವೆಂಬರ್ 19ರ ನಸುಕಿನಲ್ಲಿ ಬೆಂಗಳೂರಿನ ಕಾಡುಗೋಡಿ ಬಳಿ ಫುಟ್‌ಪಾತ್ ಮೇಲೆ ಹರಿದು ಬಿದ್ದಿದ್ದ 11 ಕೆ.ವಿ. ತಂತಿ ತುಳಿದು ಒಬ್ಬ ತಾಯಿಯೂ ಆಕೆಯ ಒಂಬತ್ತು ತಿಂಗಳ ಮಗುವೂ ಸತ್ತರು. 2024ರ ಜೂನ್‌ನಲ್ಲಿ ನಾಗರಹೊಳೆಯ ಭೀಮನಕಟ್ಟೆಯಲ್ಲಿ ನಮ್ಮ ಮೈಸೂರು ದಸರೆಯ ಆನೆ ಅಶ್ವತ್ಥಾಮ ವಿದ್ಯುತ್ ತಗುಲಿ ಪ್ರಾಣ ಬಿಟ್ಟಿತು. ಸೋಲಾರ್ ಬೇಲಿಗೆ ವಿದ್ಯುತ್ ಮಾರ್ಗದ ತಂತಿ ತಾಗಿ ಕರೆಂಟು ಹರಿಯುತ್ತಿತ್ತು ಎಂದು ಆಗ ವರದಿಯಾಗಿತ್ತು. ಆನೆಯ ಸಾವಿನ ಬಗ್ಗೆ ಹೈಕೋರ್ಟು ಸ್ವಯಂಪ್ರೇರಿತವಾಗಿ ಪ್ರಕರಣ ದಾಖಲಿಸಿಕೊಂಡಿತು. ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೋ ಲೆಕ್ಕದಂತೆ 2021ರ ಒಂದೇ ವರ್ಷದಲ್ಲಿ ದೇಶದಲ್ಲಿ ವಿದ್ಯುತ್ ಆಘಾತಕ್ಕೆ ಬಲಿಯಾದವರು 12 ಸಾವಿರಕ್ಕೂ ಹೆಚ್ಚು.

ಒಂದೊಂದು ಘಟನೆಯ ವಿವರವೂ ಬೇರೆ. ಜನ ಕೇಳುವ ಪ್ರಶ್ನೆ ಮಾತ್ರ ಒಂದೇ. ತಂತಿ ನೆಲಕ್ಕೆ ಬಿದ್ದ ಮೇಲೂ ಅದರಲ್ಲಿ ಕರೆಂಟು ಯಾಕೆ ಉಳಿಯುತ್ತದೆ? ಸ್ಟೇಷನ್ನಿನಲ್ಲಿ ಲೈನು ತಾನಾಗಿಯೇ ಯಾಕೆ ಟ್ರಿಪ್ ಆಗುವುದಿಲ್ಲ? ಇದಕ್ಕೆ ಸಾಮಾನ್ಯವಾಗಿ ಸಿಗುವ ಉತ್ತರ ನಿರ್ವಹಣೆಯ ಲೋಪ. ನಿರ್ವಹಣೆ ಮುಖ್ಯ, ಅದರಲ್ಲಿ ಎರಡು ಮಾತಿಲ್ಲ. ಆದರೆ ತಂತಿ ಹರಿಯದಂತೆ ನೋಡಿಕೊಳ್ಳುವುದು ಒಂದು ಕೆಲಸ, ಹರಿದ ತಂತಿ ಕೊಲ್ಲದಂತೆ ನೋಡಿಕೊಳ್ಳುವುದು ಇನ್ನೊಂದು. ಎರಡನೆಯದಕ್ಕೆ ಎಂಜಿನಿಯರಿಂಗ್‌ನಲ್ಲಿ ನೂರು ವರ್ಷದಿಂದ ಉತ್ತರಗಳಿವೆ. ಅರ್ಥ್ ಫಾಲ್ಟ್ ಕರೆಂಟನ್ನು, ಅಂದರೆ ಲೈನಿನಿಂದ ನೆಲಕ್ಕೆ ಸೋರುವ ಕರೆಂಟನ್ನು, ಕುಗ್ಗಿಸುವ ಆ ಉಪಾಯಗಳಲ್ಲಿ ಮೈಸೂರಿಗೆ ಯಾವುದು ಹೊಂದುತ್ತದೆ ಎಂಬುದು ಈ ಲೇಖನದ ವಿಷಯ.

ಮೊದಲು ನಮ್ಮ ಊರಿಗೆ ಕರೆಂಟು ಬರುವ ದಾರಿ ನೋಡೋಣ. ಹೂಟಗಳ್ಳಿ, ಕಡಕೊಳದಂಥ 220 ಕೆ.ವಿ. ಸ್ವೀಕರಣಾ ಕೇಂದ್ರಗಳಿಂದ 66 ಕೆ.ವಿ. ಮಾರ್ಗಗಳು ಊರೊಳಗಿನ ಸ್ಟೇಷನ್‌ಗಳಿಗೆ ಬರುತ್ತವೆ. ಅಲ್ಲಿ 66 ಕೆ.ವಿ. 11 ಕೆ.ವಿ. ಆಗುತ್ತದೆ. 11 ಕೆ.ವಿ. ಫೀಡರುಗಳು ಬಡಾವಣೆಗಳನ್ನು ಸುತ್ತಿ, ಬೀದಿಯ ಟ್ರಾನ್ಸ್‌ಫಾರ್ಮರುಗಳಲ್ಲಿ (ಟಿ.ಸಿ.) 433 ವೋಲ್ಟ್‌ಗೆ ಇಳಿದು, ಮನೆಯ ಮೀಟರಿಗೆ ಮುಟ್ಟುತ್ತವೆ. 66 ಕೆ.ವಿ. ಸ್ಟೇಷನ್ನು ರಾಜ್ಯದ ವಿದ್ಯುತ್ ಪ್ರಸರಣ ನಿಗಮವಾದ ಕೆಪಿಟಿಸಿಎಲ್‌ಗೆ ಸೇರಿದ್ದು. ಅಲ್ಲಿಂದ ಹೊರಟ ಫೀಡರು, ಬೀದಿಯ ಕಂಬ, ಟಿ.ಸಿ. ಎಲ್ಲವೂ 2005ರಲ್ಲಿ ಶುರುವಾದ ಚಾಮುಂಡೇಶ್ವರಿ ವಿದ್ಯುತ್ ಸರಬರಾಜು ನಿಗಮದ್ದು, ಅಂದರೆ ಸೆಸ್ಕ್‌ನದು. ಈ ಗಡಿಯನ್ನು ಓದುಗರು ನೆನಪಿಟ್ಟುಕೊಳ್ಳಬೇಕು. ತಂತಿ ಬೀಳುವುದು ಸೆಸ್ಕ್‌ನ ಬೀದಿಯಲ್ಲಿ. ಆ ತಂತಿಯಿಂದ ನೆಲಕ್ಕೆ ಎಷ್ಟು ಕರೆಂಟು ಹರಿಯಬೇಕೆಂದು ತೀರ್ಮಾನಿಸುವ ನ್ಯೂಟ್ರಲ್ ಇರುವುದು ಕೆಪಿಟಿಸಿಎಲ್ ಆವರಣದಲ್ಲಿ.

ನ್ಯೂಟ್ರಲ್ ಅಂದರೆ ಟ್ರಾನ್ಸ್‌ಫಾರ್ಮರಿನ ಮೂರು ಫೇಸ್‌ಗಳೂ ಕೂಡುವ ನಡುಬಿಂದು. ನಮ್ಮಲ್ಲಿ 11 ಕೆ.ವಿ. ಕಡೆಯ ನ್ಯೂಟ್ರಲನ್ನು ದಪ್ಪ ಪಟ್ಟಿಯಿಂದ ನೇರವಾಗಿ ಭೂಮಿಗೆ ಕಟ್ಟುವುದು ರೂಢಿ. ಇದರ ಲಾಭ ಸ್ಪಷ್ಟ. ಒಂದು ಫೇಸ್ ನೆಲ ಮುಟ್ಟಿದರೂ ಉಳಿದೆರಡು ಫೇಸ್‌ಗಳ ವೋಲ್ಟೇಜು ಹೆಚ್ಚು ಏರುವುದಿಲ್ಲ. ಇನ್ಸುಲೇಟರು, ಮಿಂಚಿನಿಂದ ಕಾಯುವ ಅರೆಸ್ಟರು ಅಗ್ಗದವಾದರೂ ನಡೆಯುತ್ತದೆ. ಸ್ಟೇಷನ್ ಹತ್ತಿರ ಗಟ್ಟಿಯಾದ ಫಾಲ್ಟ್ ಆದರೆ ಕರೆಂಟು ಧುಮ್ಮಿಕ್ಕುತ್ತದೆ: 12.5 ಎಂ.ವಿ.ಎ. ಟ್ರಾನ್ಸ್‌ಫಾರ್ಮರಿನ ಪೂರ್ಣ ಲೋಡು ಸುಮಾರು 650 ಆಂಪಿಯರ್, ಅದರ ಬಾಗಿಲಲ್ಲೇ ಅರ್ಥ್ ಫಾಲ್ಟ್ ಆದರೆ ಐದಾರು ಸಾವಿರ ಆಂಪಿಯರ್. ಅಷ್ಟು ಕರೆಂಟನ್ನು ಫಾಲ್ಟ್ ಪತ್ತೆಹಚ್ಚುವ ಯಾವ ರಿಲೇಯೂ ಕಾಣದೆ ಇರುವುದಿಲ್ಲ, ಲೈನು ಕಡಿಯುವ ಬ್ರೇಕರು ಕ್ಷಣದಲ್ಲಿ ತೆರೆದುಕೊಳ್ಳುತ್ತದೆ.

ಈ ಐದಾರು ಸಾವಿರವೇ ಮೊದಲ ತೊಂದರೆ. ಟ್ರಾನ್ಸ್‌ಫಾರ್ಮರಿನ ಸುರುಳಿಗಳಿಗೆ ಪ್ರತಿ ಸಲ ಪೆಟ್ಟು ಬೀಳುತ್ತದೆ. ನೆಲದಡಿ ಕೇಬಲ್ಲಾದರೆ ಅದರ ತಾಮ್ರದ ಹೊದಿಕೆ ಸುಟ್ಟು, ಜಾಯಿಂಟು ಸಿಡಿಯುತ್ತದೆ. ಕರೆಂಟಿನ ವರ್ಗಕ್ಕೆ ತಕ್ಕಂತೆ ಶಾಖ ಹುಟ್ಟುವುದರಿಂದ ಆರು ಸಾವಿರವನ್ನು 300ಕ್ಕೆ ಇಳಿಸಿದರೆ ಶಾಖ ನಾನೂರರಲ್ಲಿ ಒಂದು ಪಾಲಿಗೆ ಬರುತ್ತದೆ. ಕೇಬಲ್ ಹೆಚ್ಚಿರುವ ಊರುಗಳಲ್ಲಿ ನ್ಯೂಟ್ರಲ್ ಮತ್ತು ಭೂಮಿಯ ನಡುವೆ ಒಂದು ರೆಸಿಸ್ಟರ್ ಕೂರಿಸುವುದು ಈ ಕಾರಣಕ್ಕೆ. 11 ಕೆ.ವಿ. ಮಾರ್ಗದ ಒಂದು ಫೇಸ್‌ಗೂ ಭೂಮಿಗೂ ನಡುವೆ 6,350 ವೋಲ್ಟ್ ಇರುತ್ತದೆ. 21 ಓಮ್‌ನ ರೆಸಿಸ್ಟರ್ ಇಟ್ಟರೆ ಅರ್ಥ್ ಫಾಲ್ಟ್ ಕರೆಂಟು ಸುಮಾರು 300 ಆಂಪಿಯರಿಗೆ ನಿಲ್ಲುತ್ತದೆ. ಬ್ರಿಟನ್ನಿನ ಅನೇಕ ಸ್ಟೇಷನ್‌ಗಳಲ್ಲಿ ಇಂಥದೇ ವ್ಯವಸ್ಥೆ ದಶಕಗಳಿಂದ ಇದೆ. ಮೈಸೂರಿನ ಹೃದಯಭಾಗದಲ್ಲಿ ತಂತಿಗಳು ನೆಲದಡಿಗೆ ಹೋಗುತ್ತಿರುವ ಈ ಹೊತ್ತಿನಲ್ಲಿ ಯಂತ್ರ, ಕೇಬಲ್ಲು ಉಳಿಸಿಕೊಳ್ಳಲು ಇದು ಸರಳ, ಅಗ್ಗ, ಒಳ್ಳೆಯ ಕ್ರಮ.

ಆದರೆ ಇದು ಮನುಷ್ಯನನ್ನು ಉಳಿಸುತ್ತದೆಯೇ? ಇಲ್ಲಿ ಸ್ವಲ್ಪ ಲೆಕ್ಕ ಮಾಡಲೇಬೇಕು. ಒಂದು ಕಬ್ಬಿಣದ ಕಂಬ, ಅದರ ಅರ್ಥಿಂಗ್ 20 ಓಮ್ ಎಂದುಕೊಳ್ಳಿ. ಪಿನ್ ಇನ್ಸುಲೇಟರು ಒಡೆದು ಫೇಸ್ ಕಂಬಕ್ಕೆ ತಾಗಿತು. ಈಗಿನ ವ್ಯವಸ್ಥೆಯಲ್ಲಿ ನೆಲಕ್ಕೆ ಹರಿಯುವುದು ಸುಮಾರು 300 ಆಂಪಿಯರ್. ಬ್ರೇಕರು ತೆರೆಯುವ ತನಕ ಕಂಬದ ಮೈ ಆರು ಸಾವಿರ ವೋಲ್ಟ್‌ನಲ್ಲಿರುತ್ತದೆ. ಸ್ಟೇಷನ್ನಿನಲ್ಲಿ 21 ಓಮ್ ರೆಸಿಸ್ಟರ್ ಇಟ್ಟರೆ ಕರೆಂಟು 155 ಆಂಪಿಯರಿಗೆ ಇಳಿಯುತ್ತದೆ, ಕಂಬದ ವೋಲ್ಟೇಜು 3,100ಕ್ಕೆ. ಆರು ಸಾವಿರವಾಗಲಿ, ಮೂರು ಸಾವಿರವಾಗಲಿ, ಮಳೆಯಲ್ಲಿ ಆ ಕಂಬಕ್ಕೆ ಒರಗಿದ ಹಸುವಿಗೆ ವ್ಯತ್ಯಾಸವಿಲ್ಲ. ಮುಟ್ಟಲೂ ಬೇಕಿಲ್ಲ, ಕಂಬದ ಬುಡದಿಂದ ಸುತ್ತಲೂ ನೆಲದ ವೋಲ್ಟೇಜು ಇಳಿಯುತ್ತ ಹೋಗುವುದರಿಂದ ಮುಂಗಾಲಿಗೂ ಹಿಂಗಾಲಿಗೂ ನಡುವೆ ನೂರಾರು ವೋಲ್ಟ್ ಅಂತರ ಬೀಳುತ್ತದೆ. ಮನುಷ್ಯ ಬದುಕಿ ದನ ಸತ್ತ ಎಷ್ಟೋ ಪ್ರಸಂಗಗಳಿಗೆ ಈ ಹೆಜ್ಜೆ ವೋಲ್ಟೇಜು ಕಾರಣ.

ಇನ್ನು ತಂತಿ ಒಣನೆಲದ ಮೇಲೆ ಬಿದ್ದರೆ ಕಥೆ ಪೂರ್ತಿ ಬೇರೆ. ಮೈಸೂರಿನ ಸುತ್ತ ಕೆಂಪು ಮಣ್ಣು, ಅದರಡಿ ಕಲ್ಲು. ಮಾರ್ಚ್ ಏಪ್ರಿಲ್‌ನಲ್ಲಿ ಮೇಲ್ಮಣ್ಣು ಹುಡಿಯಾಗಿರುತ್ತದೆ. ಅದೇ ಹೊತ್ತಿಗೆ ಗಾಳಿ ಸಮೇತ ಮುಂಗಾರುಪೂರ್ವ ಮಳೆ ಬಂದು ಸಾಲುಮರಗಳ ಕೊಂಬೆ ಮುರಿಯುತ್ತವೆ, ತಂತಿ ಹರಿಯುತ್ತದೆ. ಟಾರು ರಸ್ತೆ, ಒಣ ಹೊಲ, ಜಲ್ಲಿಕಲ್ಲಿನ ಮೇಲೆ ಬಿದ್ದ ತಂತಿಗೂ ಭೂಮಿಗೂ ನಡುವೆ ಸಾವಿರ ಓಮ್ ಇರುವುದು ತೀರ ಸಾಮಾನ್ಯ. ಆಗ ಹರಿಯುವುದು ಬರೀ ಆರು ಆಂಪಿಯರ್, ಒಂದು ಮನೆಯ ಎರಡು ಇಸ್ತ್ರಿ ಪೆಟ್ಟಿಗೆಯಷ್ಟು. ಫೀಡರಿನ ಪ್ಯಾನೆಲ್‌ನಲ್ಲಿರುವ ಕರೆಂಟು ಅಳೆಯುವ ಟ್ರಾನ್ಸ್‌ಫಾರ್ಮರು (ಸಿ.ಟಿ.) 400 ಆಂಪಿಯರಿನದು, ಅರ್ಥ್ ಫಾಲ್ಟ್ ರಿಲೇಯ ಸೆಟ್ಟಿಂಗ್ ಶೇ. 20 ಎಂದಿಟ್ಟುಕೊಂಡರೆ 80 ಆಂಪಿಯರ್ ದಾಟುವ ತನಕ ಅದು ಅಲುಗಾಡುವುದಿಲ್ಲ. ಶೇ. 10ಕ್ಕೆ ಇಳಿಸಿದರೂ 40. ಆರು ಆಂಪಿಯರು ಅದರ ಲೆಕ್ಕಕ್ಕೇ ಬರುವುದಿಲ್ಲ. ರಿಲೇ ಕೆಟ್ಟಿಲ್ಲ, ಆಪರೇಟರು ನಿದ್ದೆ ಮಾಡಿಲ್ಲ, ಆದರೂ ಬೀದಿಯಲ್ಲಿ 11 ಸಾವಿರ ವೋಲ್ಟಿನ ತಂತಿ ಜೀವಂತವಾಗಿ ಮಲಗಿರುತ್ತದೆ. ಅದನ್ನು ಯಾರಾದರೂ ಕಂಡು ಸಹಾಯವಾಣಿ 1912ಕ್ಕೆ ಕರೆ ಮಾಡಿ ತಿಳಿಸಬೇಕು.

ಇಲ್ಲಿ ರೆಸಿಸ್ಟರಿನಿಂದ ಏನೂ ಬದಲಾಗದು. ಸಾವಿರ ಓಮ್‌ಗೆ 21 ಓಮ್ ಸೇರಿದರೆ ಕರೆಂಟು 6.35ರಿಂದ 6.2ಕ್ಕೆ ಬರುತ್ತದೆ, ಅಷ್ಟೆ. ಆದ್ದರಿಂದ 'ಫಾಲ್ಟ್ ಕರೆಂಟು ಕಡಿಮೆ ಮಾಡಿ' ಎಂಬ ಒಂದೇ ಸಾಲಿನ ಸಲಹೆ ಅಪೂರ್ಣ. ಸ್ಟೇಷನ್ ಹತ್ತಿರ ಕರೆಂಟು ಅತಿಯಾಗಿ ಹೆಚ್ಚು, ಬೀದಿಯ ಕೊನೆಯಲ್ಲಿ ಅತಿಯಾಗಿ ಕಡಿಮೆ. ಕೊಲ್ಲುವುದಕ್ಕೆ ಸಾಕು, ಕಾಣುವುದಕ್ಕೆ ಸಾಲದು.

ಇದಕ್ಕೆ ಮದ್ದು ಹುಡುಕಿದವರು ಜರ್ಮನಿಯ ಡಾರ್ಮ್‌ಸ್ಟಾಟ್‌ನ ಪ್ರಾಧ್ಯಾಪಕ ವಾಲ್ಡೆಮಾರ್ ಪೀಟರ್ಸನ್, ಮೊದಲ ಮಹಾಯುದ್ಧದ ಕಾಲದಲ್ಲಿ. ಪ್ರತಿಯೊಂದು ತಂತಿಗೂ ಭೂಮಿಗೂ ನಡುವೆ ಕೆಪಾಸಿಟನ್ಸ್, ಅಂದರೆ ವಿದ್ಯುದಾವೇಶ ಹಿಡಿದಿಡುವ ಗುಣ, ಇರುತ್ತದೆ. ನ್ಯೂಟ್ರಲನ್ನು ಭೂಮಿಗೆ ಕಟ್ಟದೇ ಬಿಟ್ಟರೂ ಒಂದು ಫೇಸ್ ನೆಲ ಮುಟ್ಟಿದಾಗ ಈ ಕೆಪಾಸಿಟನ್ಸ್ ಮೂಲಕ ಕರೆಂಟು ಹರಿದೇ ಹರಿಯುತ್ತದೆ. ಪೀಟರ್ಸನ್ ನ್ಯೂಟ್ರಲ್ ಮತ್ತು ಭೂಮಿಯ ನಡುವೆ ಕಬ್ಬಿಣದ ಗರ್ಭವುಳ್ಳ ಒಂದು ದೊಡ್ಡ ಕಾಯಿಲ್ ಇಟ್ಟರು. ಕಾಯಿಲ್‌ನ ಕರೆಂಟು ಕೆಪಾಸಿಟನ್ಸ್ ಕರೆಂಟಿಗೆ ಸರಿಯಾಗಿ ವಿರುದ್ಧ ದಿಕ್ಕಿನದು. ಎರಡನ್ನೂ ಸಮ ಮಾಡಿದರೆ ಫಾಲ್ಟ್ ಆದ ಜಾಗದಲ್ಲಿ ಒಂದನ್ನೊಂದು ಹೊಡೆದುಹಾಕುತ್ತವೆ. ಉಳಿಯುವುದು ಸೋರಿಕೆಯ ಚೂರು, ನೂರಕ್ಕೆ ನಾಲ್ಕೈದು ಪಾಲು. ಜರ್ಮನಿ, ಆಸ್ಟ್ರಿಯ, ಸ್ವೀಡನ್, ಫಿನ್ಲೆಂಡ್‌ಗಳಲ್ಲಿ ಈ ಪದ್ಧತಿ ನೆಲೆಯೂರಿದೆ. ಇಟಲಿಯ ಎನೆಲ್ ಕಂಪನಿ ಈ ಶತಮಾನದ ಆರಂಭದಲ್ಲಿ ತನ್ನ ಜಾಲವನ್ನು ಇದಕ್ಕೆ ಬದಲಿಸಿಕೊಂಡಿತು.

ಹಿಂದಿನ ಕಂಬದ ಲೆಕ್ಕಕ್ಕೇ ಇದನ್ನು ಹಚ್ಚಿ ನೋಡಿ. ಉಳಿಕೆ ಕರೆಂಟು 5 ಆಂಪಿಯರ್ ಆದರೆ 20 ಓಮ್ ಕಂಬದ ಮೈಮೇಲೆ 100 ವೋಲ್ಟ್. ಆರು ಸಾವಿರ ಎಲ್ಲಿ, ನೂರು ಎಲ್ಲಿ!

ಒಣನೆಲದ ತಂತಿಗೆ ಬಂದರೆ ಇದರ ನಿಜವಾದ ಬಲ ಕಾಣುತ್ತದೆ. ಒಂದು ಸ್ಟೇಷನ್ನಿನ ಎಲ್ಲ ಫೀಡರುಗಳ ಕೆಪಾಸಿಟನ್ಸ್ ಕರೆಂಟು 50 ಆಂಪಿಯರ್, ಉಳಿಕೆ 2.5 ಆಂಪಿಯರ್ ಎಂದುಕೊಳ್ಳೋಣ. ಸಾವಿರ ಓಮ್ ನೆಲದ ಮೇಲೆ ತಂತಿ ಬಿದ್ದರೆ ಹರಿಯುವುದು 1.8 ಆಂಪಿಯರ್. ತಂತಿಯ ವೋಲ್ಟೇಜು 6,350ರಿಂದ 1,800ಕ್ಕೆ ಕುಸಿಯುತ್ತದೆ. ಸಾಲದು, ಇನ್ನೂ ಅಪಾಯವೇ. ಆದರೆ ಅದೇ ಗಳಿಗೆಯಲ್ಲಿ ಸ್ಟೇಷನ್ನಿನ ನ್ಯೂಟ್ರಲ್ ತನ್ನ ಜಾಗ ಬಿಟ್ಟು 4,500 ವೋಲ್ಟ್‌ಗೆ ಜಿಗಿಯುತ್ತದೆ. ಸಮವಾಗಿ ನಿಂತಿದ್ದ ತಕ್ಕಡಿಯ ಒಂದು ತಟ್ಟೆ ಧಡಕ್ಕನೆ ಕೆಳಗಿಳಿದಂತೆ ಇದು ಕಣ್ಣಿಗೆ ಹೊಡೆಯುವ ಬದಲಾವಣೆ. ನೇರ ಅರ್ಥಿಂಗ್‌ನಲ್ಲಿ ಕರೆಂಟು ನೋಡುತ್ತ ಕೂತ ರಿಲೇಗೆ ಕಾಣದಿದ್ದ ಫಾಲ್ಟು ಇಲ್ಲಿ ವೋಲ್ಟೇಜು ನೋಡುವ ರಿಲೇಗೆ ತಟ್ಟನೆ ಕಾಣುತ್ತದೆ. ಕರೆಂಟು ಕುಗ್ಗಿಸಿದರೆ ಫಾಲ್ಟ್ ಮರೆಯಾಗುತ್ತದೆಂಬ ಭಯ ನಮ್ಮ ಎಂಜಿನಿಯರುಗಳಲ್ಲಿ ಬೇರೂರಿದೆ. ನೋಡುವ ಅಳತೆಗೋಲು ಬದಲಿಸಿದರೆ ಅದು ತಿರುಗುಮುರುಗಾಗುತ್ತದೆ ಎಂಬುದೇ ನಾನು ಒತ್ತಿ ಹೇಳಬೇಕೆಂದಿರುವ ಮಾತು.

ಈ ದಾರಿಯಲ್ಲಿ ಬಹಳ ಮುಂದೆ ಹೋದದ್ದು ಆಸ್ಟ್ರೇಲಿಯದ ವಿಕ್ಟೋರಿಯ ರಾಜ್ಯ. 2009ರ ಫೆಬ್ರವರಿ 7ರ ಕಾಳ್ಗಿಚ್ಚಿನಲ್ಲಿ ಅಲ್ಲಿ 173 ಜನ ಸತ್ತರು. ಅವರಲ್ಲಿ 119 ಮಂದಿಯ ಸಾವಿಗೆ ಕಾರಣವಾದ ಕಿಲ್ಮೋರ್ ಈಸ್ಟ್ ಬೆಂಕಿ ಹೊತ್ತಿದ್ದು ಹರಿದ ವಿದ್ಯುತ್ ತಂತಿಯಿಂದ. ರಾಯಲ್ ಕಮಿಷನ್ ತನಿಖೆಯ ನಂತರ ಸರ್ಕಾರ 45 ಸ್ಟೇಷನ್‌ಗಳಲ್ಲಿ ಪೀಟರ್ಸನ್ ಕಾಯಿಲ್‌ನ ಸುಧಾರಿತ ರೂಪವನ್ನು ಕಡ್ಡಾಯ ಮಾಡಿತು. ಅದರಲ್ಲಿ ಉಳಿಕೆ ಕರೆಂಟನ್ನೂ ಎಲೆಕ್ಟ್ರಾನಿಕ್ ಇನ್ವರ್ಟರ್ ಎದುರು ಕರೆಂಟು ತುಂಬಿ ಅಳಿಸಿಹಾಕುತ್ತದೆ. 22 ಕೆ.ವಿ. ತಂತಿ ಒಣನೆಲ ಮುಟ್ಟಿದರೆ ಎರಡು ಸೆಕೆಂಡಿನೊಳಗೆ ಅದರ ವೋಲ್ಟೇಜು 250ಕ್ಕೆ ಇಳಿದಿರಬೇಕು ಎಂಬುದು ಅಲ್ಲಿನ ನಿಯಮ. ಮನೆಯ ಪ್ಲಗ್‌ನಷ್ಟು! ಬೆಂಕಿ ತಡೆಯಲು ಮಾಡಿದ ಏರ್ಪಾಡು ಅದು. ಹುಲಿ, ಆನೆ ಓಡಾಡುವ ಎಚ್.ಡಿ. ಕೋಟೆ, ಹುಣಸೂರು, ಗುಂಡ್ಲುಪೇಟೆಯ ಕಾಡಂಚಿಗೆ ಪ್ರಾಣಿಗಳ ಜೀವ, ಕಾಳ್ಗಿಚ್ಚು ಎಂಬ ಎರಡು ಕಾರಣದಿಂದ ಬೇಕಾದದ್ದು. ಬೇಸಿಗೆಯ ಬಂಡೀಪುರ ಎಷ್ಟು ಬೇಗ ಹೊತ್ತಿಕೊಳ್ಳುತ್ತದೆಂದು 2019ರ ಫೆಬ್ರವರಿಯಲ್ಲಿ ಕಂಡಿದ್ದೇವೆ, ಆ ಬೆಂಕಿಗೆ ವಿದ್ಯುತ್ ಕಾರಣವಲ್ಲದಿದ್ದರೂ.

ಹಾಗಾದರೆ ನಾಳೆಯೇ ಎಲ್ಲ ಸ್ಟೇಷನ್‌ಗಳಲ್ಲಿ ಕಾಯಿಲ್ ಕೂರಿಸಬಹುದೇ? ಅವಸರ ಬೇಡ. ಒಂದು ಫೇಸ್ ನೆಲ ಮುಟ್ಟಿ ನ್ಯೂಟ್ರಲ್ ಜರುಗಿದಾಗ ಉಳಿದೆರಡು ಫೇಸ್‌ಗಳು ಭೂಮಿಗೆ ಹೋಲಿಸಿದರೆ 6,350ರಿಂದ 11,000 ವೋಲ್ಟ್‌ಗೆ ಏರುತ್ತವೆ. ನಮ್ಮ 11 ಕೆ.ವಿ. ಮಾರ್ಗಗಳಲ್ಲಿ ಸಾಮಾನ್ಯವಾಗಿ ಬಳಸುವ ಮಿಂಚು ಅರೆಸ್ಟರು 9 ಕೆ.ವಿ.ಯದು. ಅದು ಈ ಏರಿಕೆ ತಾಳದೆ ಸಿಡಿಯುತ್ತದೆ, 12 ಕೆ.ವಿ.ಯದಕ್ಕೆ ಬದಲಿಸಬೇಕು. ಕೇಬಲ್ಲಿನಲ್ಲೂ ಎರಡು ದರ್ಜೆ ಇದೆ: 6.35/11 ಮತ್ತು 11/11. ಮೊದಲನೆಯದು ನ್ಯೂಟ್ರಲ್ ಗಟ್ಟಿಯಾಗಿ ಭೂಮಿಗೆ ಕಟ್ಟಿದ ಜಾಲಕ್ಕೆ ಮಾಡಿದ್ದು. ಯಾವ ಬೀದಿಯಲ್ಲಿ ಯಾವ ದರ್ಜೆ ಹೂತಿದೆ ಎಂಬ ದಾಖಲೆ ಕೈಯಲ್ಲಿರಬೇಕು. ಬಿರುಕು ಬಿಟ್ಟ ಇನ್ಸುಲೇಟರು ಒಂದಿದ್ದರೂ ಮೊದಲ ಫಾಲ್ಟಿನ ಒತ್ತಡಕ್ಕೆ ಅದು ಬೇರೆ ಬಡಾವಣೆಯಲ್ಲಿ ಎರಡನೆಯ ಫಾಲ್ಟಾಗಿ ಸ್ಫೋಟಿಸುತ್ತದೆ. ಆಗ ಎರಡೂ ಜಾಗದಲ್ಲಿ ನೆಲದ ಮೂಲಕ ಭಾರಿ ಕರೆಂಟು.

ಊರು ಬೆಳೆದಂತೆ ಲೆಕ್ಕವೂ ಬದಲಾಗುತ್ತದೆ. ಕಂಬದ ಮೇಲಿನ 11 ಕೆ.ವಿ. ತಂತಿಯ ಕೆಪಾಸಿಟನ್ಸ್ ಕರೆಂಟು ಕಿಲೋಮೀಟರಿಗೆ 0.03 ಆಂಪಿಯರ್ ಆಸುಪಾಸು. ನೆಲದಡಿ ಕೇಬಲ್ಲಿನದು ಒಂದೂವರೆಯಿಂದ ಎರಡು. ಅಂದರೆ ಸುಮಾರು ಐವತ್ತು ಪಟ್ಟು ಹೆಚ್ಚು. ಒಂದು ಸ್ಟೇಷನ್ನಿನ ಅಡಿ ನೂರು ಕಿಲೋಮೀಟರ್ ಕೇಬಲ್ ಬಂದರೆ 180 ಆಂಪಿಯರ್ ತಲುಪುತ್ತದೆ. ಫೀಡರ್ ಬದಲಾಯಿಸಿದಾಗಲೆಲ್ಲ ಈ ಸಂಖ್ಯೆ ಏರಿಳಿಯುವುದರಿಂದ ತಾನಾಗಿ ಶ್ರುತಿ ಹೊಂದಿಸಿಕೊಳ್ಳುವ ಕಾಯಿಲ್ ಬೇಕು. ಕೇಬಲ್ಲೇ ತುಂಬಿದ ನಗರದ ಕೇಂದ್ರದಲ್ಲಿ ಕಾಯಿಲ್‌ಗಿಂತ ರೆಸಿಸ್ಟರ್ ವಾಸಿ. ಅಲ್ಲಿ ತಂತಿ ಜನರ ಮೇಲೆ ಬೀಳುವುದಿಲ್ಲ, ಕೇಬಲ್ ಫಾಲ್ಟ್ ಗಟ್ಟಿಯಾಗಿರುತ್ತದೆ, ರಿಲೇಗೆ ಕಾಣುತ್ತದೆ. ಕಾಯಿಲ್ ಬೇಕಿರುವುದು ಊರಂಚಿನ ಮತ್ತು ಹಳ್ಳಿಯ ಬರಿತಂತಿಯ ಫೀಡರುಗಳಿಗೆ. ಅರಮನೆ ಸುತ್ತಿಗೂ ಸರಗೂರಿನ ಹೊಲಕ್ಕೂ ಒಂದೇ ಮಾದರಿ ಹೇರಿದರೆ ಎರಡೂ ಕೆಡುತ್ತವೆ.

ಯುರೋಪಿನಲ್ಲಿ ಕಾಯಿಲ್ ಇದ್ದರೆ ಫಾಲ್ಟ್ ಇರುವಾಗಲೇ ಗಂಟೆಗಟ್ಟಲೆ ಸರಬರಾಜು ಮುಂದುವರಿಸುವ ಅಭ್ಯಾಸವೊಂದಿದೆ. ಅದನ್ನು ನಾವು ತರಬಾರದೆಂದು ನನ್ನ ಖಚಿತ ಅಭಿಪ್ರಾಯ. ನಮ್ಮ ಬೀದಿ, ಹೊಲಗಳಲ್ಲಿ ಬರಿಗಾಲಿನ ಜನ, ಮೇಯುವ ದನ ಎಲ್ಲ ಹೊತ್ತಿನಲ್ಲೂ ಇರುತ್ತಾರೆ. ನ್ಯೂಟ್ರಲ್ ಜರುಗಿದ ಒಂದೆರಡು ಸೆಕೆಂಡಿನಲ್ಲಿ ಫೀಡರು ಕಡಿಯಲೇಬೇಕು.

ಹಣ ಖರ್ಚಾಗದ ಒಂದು ಸುಧಾರಣೆ ಇವತ್ತೇ ಸಾಧ್ಯ. ಫೀಡರು ಟ್ರಿಪ್ ಆದ ಮೇಲೆ 'ಟೆಸ್ಟ್ ಚಾರ್ಜ್' ಎಂದು ಮತ್ತೆ ಮತ್ತೆ ಬ್ರೇಕರು ಹಾಕಿ ನೋಡುವುದು ಕರೆಂಟು ಹೋದಾಗ ಫೋನಿನ ಮೇಲೆ ಫೋನು ಬರುವ ಊರಿನಲ್ಲಿ ಸಹಜ. ಆದರೆ ಅರ್ಥ್ ಫಾಲ್ಟ್ ಸೂಚನೆಯಲ್ಲಿ ಬಿದ್ದ ಫೀಡರಿಗೆ ಈ ಅಭ್ಯಾಸ ಪ್ರಾಣಾಂತಕ. ಮೊದಲ ಸಲ ಕಂಬದ ಅಡ್ಡಪಟ್ಟಿಗೆ ತಾಗಿ ಟ್ರಿಪ್ ಆದ ತಂತಿ ಅಷ್ಟರಲ್ಲಿ ಹರಿದು ಒಣನೆಲಕ್ಕೆ ಬಿದ್ದಿದ್ದರೆ ಎರಡನೆಯ ಸಲ ಬ್ರೇಕರು ನಿಲ್ಲುತ್ತದೆ. ಫಾಲ್ಟ್ ಹೋಯಿತೆಂದು ಎಲ್ಲರೂ ನಿಟ್ಟುಸಿರು ಬಿಡುತ್ತಾರೆ. ಪವರ್‌ಮ್ಯಾನ್ ಲೈನುದ್ದಕ್ಕೂ ನಡೆದು ನೋಡಿ ಬರುವ ತನಕ ಚಾರ್ಜ್ ಮಾಡಕೂಡದೆಂಬ ನಿಯಮವನ್ನು ಗ್ರಾಹಕರಾದ ನಾವೂ ಒಪ್ಪಬೇಕು. ಅರ್ಧ ಗಂಟೆ ಕತ್ತಲೆಗೆ ಸಿಡಿಮಿಡಿಗೊಂಡು ಸ್ಟೇಷನ್ನಿಗೆ ಒತ್ತಡ ಹಾಕುವುದರಲ್ಲಿ ನಮ್ಮ ಪಾಲೂ ಇದೆ. ಜೊತೆಗೆ ಮೂರೂ ಫೇಸ್ ಸುತ್ತುವರಿದು ಸೋರಿಕೆಯನ್ನಷ್ಟೇ ಅಳೆಯುವ ಒಂದೇ ದೊಡ್ಡ ಸಿ.ಟಿ. ಹಾಕಿ, ಸೂಕ್ಷ್ಮ ಅರ್ಥ್ ಫಾಲ್ಟ್ ರಿಲೇಯನ್ನು ನಾಲ್ಕೈದು ಆಂಪಿಯರಿಗೆ ಇಡಬಹುದು. ನಮ್ಮ 11 ಕೆ.ವಿ. ಜಾಲದಲ್ಲಿ ಟಿ.ಸಿ.ಗಳ ಮೇಲ್ಬದಿ ಡೆಲ್ಟಾ ಜೋಡಣೆಯಲ್ಲಿದ್ದು, ಮನೆಗಳ ಅಸಮ ಲೋಡು ಭೂಮಿಯ ಕರೆಂಟಾಗಿ ಮೇಲೆ ಬರುವುದಿಲ್ಲ. ಹೀಗಾಗಿ ಇದು ಇಲ್ಲಿ ಚೆನ್ನಾಗಿ ಕೆಲಸ ಮಾಡಬಲ್ಲದು.

ಮೀಟರಿನಿಂದೀಚೆಗೆ ಇದೇ ಸಮಸ್ಯೆ ಚಿಕ್ಕ ರೂಪದಲ್ಲಿದೆ. ಮನೆಯ ಮುಂದಿನ ಅರ್ಥ್ ಪಿಟ್ 5 ಓಮ್, ಟಿ.ಸಿ.ಯದು 5 ಓಮ್ ಎಂದುಕೊಳ್ಳಿ, ಒಳ್ಳೆಯ ಪಿಟ್‌ಗಳೇ. ಗೀಸರಿನ ಫೇಸ್ ಮೈಗೆ ತಾಗಿದರೆ ಹರಿಯುವುದು 23 ಆಂಪಿಯರ್. 16 ಆಂಪಿಯರಿನ ಎಂಸಿಬಿ ಅದನ್ನು ಬಹಳ ಹೊತ್ತು ಸಹಿಸಿಕೊಳ್ಳುತ್ತದೆ. ಅಷ್ಟು ಹೊತ್ತೂ ಗೀಸರಿನ ಮೈ, ಅದರಿಂದಿಳಿದ ನಲ್ಲಿ 115 ವೋಲ್ಟ್‌ನಲ್ಲಿರುತ್ತವೆ. ಉಪ್ಪು, ಇದ್ದಿಲು ತುಂಬಿ ಗೃಹಪ್ರವೇಶದ ದಿನ ಮುಚ್ಚಿದ ಪಿಟ್‌ಗೆ ಆಮೇಲೆ ನೀರು ಹಾಕುವವರೇ ಇಲ್ಲ. ಬೇಸಿಗೆಯಲ್ಲಿ ಅದು 50 ಓಮ್ ಆದರೂ ಆದೀತು. ಇಲ್ಲಿ ಜೀವ ಉಳಿಸುವುದು ಸೋರಿಕೆ ಕಂಡೊಡನೆ ಕರೆಂಟು ಕಡಿಯುವ 30 ಮಿಲಿ ಆಂಪಿಯರಿನ ಆರ್‌ಸಿಸಿಬಿ ಒಂದೇ. ಎಷ್ಟೋ ಮನೆಗಳಲ್ಲಿ ಅದನ್ನು ಹಾಕಿಸಿಯೂ ಬೈಪಾಸ್ ಮಾಡಿರುತ್ತಾರೆ. ಯುಪಿಎಸ್ ಲೈನಿನ ನ್ಯೂಟ್ರಲನ್ನೂ ಮೇನ್ಸ್ ನ್ಯೂಟ್ರಲನ್ನೂ ಒಂದೇ ಕಡೆ ಸೇರಿಸಿದರೆ ಆರ್‌ಸಿಸಿಬಿ ಪದೇ ಪದೇ ಬೀಳುತ್ತದೆ. ನ್ಯೂಟ್ರಲ್ ಬೇರ್ಪಡಿಸುವುದು ಅರ್ಧ ದಿನದ ಕೆಲಸ. ಆರ್‌ಸಿಸಿಬಿ ತಪ್ಪಿಸಿ ತಂತಿ ಕಟ್ಟುವುದು ಐದು ನಿಮಿಷದ್ದು.

ಹಣಕಾಸಿನ ವಿಷಯ ಹೇಳದೆ ಬಿಡುವಂತಿಲ್ಲ. ನ್ಯೂಟ್ರಲ್ ಕೆಪಿಟಿಸಿಎಲ್‌ನದು, ಲೈನು ಸೆಸ್ಕ್‌ನದು ಎಂದೆನಷ್ಟೆ. ಕಾಯಿಲ್‌ಗೆ ಒಬ್ಬರು, ಅರೆಸ್ಟರು ಮತ್ತು ಕೇಬಲ್ಲಿಗೆ ಇನ್ನೊಬ್ಬರು ಹಣ ಹಾಕಬೇಕು. ಲಾಭ ಯಾರ ಖಾತೆಯಲ್ಲೂ ಕಾಣುವುದಿಲ್ಲ; ಸಾಯದೆ ಉಳಿದವರ ಹೆಸರು ಯಾವ ಲೆಕ್ಕಪತ್ರಕ್ಕೂ ಬಾರದು. ಎರಡೂ ಸಂಸ್ಥೆಗಳನ್ನು ಒಂದೇ ಮೇಜಿಗೆ ಕರೆದು ಕೂರಿಸಬಲ್ಲದ್ದು ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗ. ದರ ಪರಿಷ್ಕರಣೆಯ ಸಾರ್ವಜನಿಕ ವಿಚಾರಣೆಗಳಲ್ಲಿ ನಾವು ಯೂನಿಟ್ಟಿಗೆ ಎಷ್ಟು ಪೈಸೆ ಎಂದಷ್ಟೇ ವಾದಿಸುತ್ತೇವೆ. ಯಾವ ಫೀಡರು ಅರ್ಥ್ ಫಾಲ್ಟ್‌ನಲ್ಲಿ ಎಷ್ಟು ಸಲ ಬಿತ್ತು, ರಿಲೇ ಸೆಟ್ಟಿಂಗ್ ಏನಿತ್ತು ಎಂದೂ ಅಲ್ಲೇ ಕೇಳಬಹುದು.

ಶುರು ಮಾಡಲು ದೊಡ್ಡ ಯೋಜನೆ ಬೇಕಿಲ್ಲ. ಕಾಡಂಚಿಗೆ ಫೀಡರು ಕೊಡುವ ಒಂದು ಸ್ಟೇಷನ್ ಆರಿಸಿಕೊಂಡು ಅದರ ಕೆಪಾಸಿಟನ್ಸ್ ಕರೆಂಟು ಅಳೆಯಬೇಕು. ಅದರಡಿಯ ಅರೆಸ್ಟರು, ಕೇಬಲ್ಲುಗಳ ಪಟ್ಟಿ ಮಾಡಿ ಬದಲಿಸಬೇಕಾದವನ್ನು ಬದಲಿಸಿ, ಒಂದು ಕಾಯಿಲ್ ಕೂರಿಸಿ, ಎರಡು ಮಳೆಗಾಲ ನೋಡಬೇಕು. ಅಳತೆ ಮಾಡುವ ಎಲೆಕ್ಟ್ರಿಕಲ್ ವಿಭಾಗಗಳು ಮೈಸೂರಿನ ಎಂಜಿನಿಯರಿಂಗ್ ಕಾಲೇಜುಗಳಾದ ಎನ್‌ಐಇಯಲ್ಲೂ ಎಸ್‌ಜೆಸಿಇಯಲ್ಲೂ ಇವೆ, ಉಪಕರಣಗಳ ಪರೀಕ್ಷೆಗೆ ಬೆಂಗಳೂರಿನಲ್ಲಿ ಕೇಂದ್ರೀಯ ವಿದ್ಯುತ್ ಸಂಶೋಧನಾ ಸಂಸ್ಥೆ (ಸಿಪಿಆರ್‌ಐ) ಇದೆ. ಪರೀಕ್ಷೆಯ ದಿನ ಫೀಡರಿನ ಕೊನೆಯ ಕಂಬದ ಬಳಿ ಬೇಲಿ ಕಟ್ಟಿ, ಬೇಕೆಂದೇ ಒಂದು ತಂತಿಯನ್ನು ಒಣ ಕೆಂಪು ಮಣ್ಣಿನ ಮೇಲೆ ಇಳಿಸಿ, ಸ್ಟೇಷನ್ನಿನಲ್ಲಿ ಬ್ರೇಕರು ಎಷ್ಟು ಸೆಕೆಂಡಿಗೆ ತೆರೆಯಿತೆಂದು ಎರಡೂ ಸಂಸ್ಥೆಗಳ ಎಂಜಿನಿಯರುಗಳು ಒಟ್ಟಿಗೆ ಬರೆದುಕೊಳ್ಳಲಿ. ಕಾಯಿಲ್ ಸೇರಿಸಿ ಒಂದು ಸಲ, ತೆಗೆದು ಇನ್ನೊಂದು ಸಲ.